ಬೀಗರ ಎಲೆಗೆ ಗುಲಾಬಿ ಕಲ್ಲು

ಸಿಂಧಘಟ್ಟದ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಿಂಗರಾಜು. ಯಾರು ಎಂಥ ಹಾಲು ತಂದು ಸುರಿದರೂ ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮೀಟರಿಗೆ ಅಂಟಿಸಿ, ಸ್ವಲ್ಪ ಹೊತ್ತು ಲೋಕ ಮರೆತು, ಕೊನೆಗೆ ಹೇಳುವ ಮಾತು ಒಂದೇ: "ಪರ್ವಾಗಿಲ್ಲ. ವಸಿ ಕಮ್ಮಿ ಅದೆ." ಮಗಳು ತನುಶ್ರೀ ಹುಟ್ಟಿದಾಗ ನರ್ಸಮ್ಮ ಕೂಸನ್ನು ತಂದು ಕೈಗೆ ಕೊಟ್ಟರೆ, ಅದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ತೂಕ ವಸಿ ಕಮ್ಮಿ ಅದೆ" ಎಂದವನು ಅವನು. ಮಂಚದ ಮೇಲೆ ಸುಸ್ತಾಗಿ ಮಲಗಿದ್ದ ಪುಟ್ಟತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಈ ಗಂಡಸಿನ ಮೇಲೆ ಕೋಪ ಮಾಡಿಕೊಳ್ಳುವುದು ತನ್ನ ಕೈಲಾಗದ ಕೆಲಸ ಎಂದು ಅವಳಿಗೆ ಅವತ್ತೇ ತಿಳಿದುಹೋಯಿತು. ಮುಂದೆ ನಡೆದ ಅವಮಾನಕ್ಕೆ ಅರ್ಧ ಕಾರಣ ಅವನ ಬುದ್ಧಿ. ಉಳಿದರ್ಧ ಅವಳ ಈ ನಗು.

ಕೊರೊನಾ ಹೋಗಿ ಜನ ಮೂಗಿನ ಪಟ್ಟಿಯನ್ನು ಗೋಡೆಯ ಮೊಳೆಗೆ ತಗುಲಿ ಹಾಕಿದ್ದ ಕಾಲ. ಪಾಂಡವಪುರದಲ್ಲಿ ಡೈರಿಯವರಿಗೆಂದು ಒಂದು ದಿನದ ತರಬೇತಿ ನಡೆಯಿತು. ಉಳಿದವರೆಲ್ಲ ಅಲ್ಲಿಗೆ ಮಧ್ಯಾಹ್ನದ ಊಟಕ್ಕೆ ಹೋದವರು. ಪಾಠ ಕೇಳಲು ಹೋದವನು ನಿಂಗರಾಜು ಒಬ್ಬನೇ. ಗೋಡೆ ನೆಕ್ಕುವ, ಬಟ್ಟೆ ಅಗಿಯುವ ಹಸುವಿನ ಮೈಯಲ್ಲಿ ಖನಿಜ ಕಡಿಮೆಯಾಗಿರುತ್ತದೆ, ಅದರ ಮುಂದೆ ಒಂದು ಉಪ್ಪಿನ ಇಟ್ಟಿಗೆ ನೇತುಹಾಕಿದರೆ ತನಗೆ ಬೇಕಾದಷ್ಟನ್ನು ತಾನೇ ನೆಕ್ಕಿಕೊಳ್ಳುತ್ತದೆ ಎಂದು ದನದ ಡಾಕ್ಟರು ಹೇಳಿದರು. ನಿಂಗರಾಜು ಒಂದು ಇಟ್ಟಿಗೆ ತಂದು, ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ಇಳಿಬಿಟ್ಟ. ಪುಟ್ಟತಾಯಮ್ಮನ ಸೆರಗನ್ನು ಕಂಡಲ್ಲೆಲ್ಲ ಅಗಿಯುತ್ತಿದ್ದ ಕೆಂಪಿ ಹಸು ಸೆರಗು ಬಿಟ್ಟು ಇಟ್ಟಿಗೆ ಹಿಡಿಯಿತು.

ವಿಜ್ಞಾನ ಅಲ್ಲಿಗೆ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಕೊಟ್ಟಿಗೆಯಿಂದ ಹೊರಬಂದ ನಿಂಗರಾಜು, ಜಗಲಿಯ ಮೇಲೆ ಅಕ್ಕಿ ಆರಿಸುತ್ತ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ ಹೆಂಡತಿಯನ್ನು ಕಂಡು ಗಕ್ಕನೆ ನಿಂತ.

"ಅಮ್ಮಿ, ಯಾವಾಗಿಂದ ಇಂಗೆ?"

"ಯಾವಾಗಿಂದ ಏನು?"

"ಹಸಿ ಅಕ್ಕಿ ಅಗಿಯಾದು. ಖನಿಜ ವಸಿ ಕಮ್ಮಿ ಅದೆ ನಿಂಗೆ."

"ನಂಗೆ ಕಮ್ಮಿ ಇರಾದು ನಿದ್ದೆ ಕಣ್ರೀ. ಒಸಿ ಒಳೀಕ್ ಓಗಿ, ಒಲೆ ಮ್ಯಾಗಳ ಹಾಲು ನೋಡಿ."

ಅವನು ಹಾಲು ನೋಡಲಿಲ್ಲ. ಹಾಲು ಉಕ್ಕಿತು. ಮಾರನೆಯ ಬೆಳಿಗ್ಗೆಯಿಂದ ಡೈರಿಯ ಸಾಲಿನಲ್ಲಿ ಹಾಲಿನ ಜೊತೆ ಹಾಲು ತಂದವರ ಪರೀಕ್ಷೆಯೂ ಶುರುವಾಯಿತು. ಪಕ್ಕದ ಮನೆಯ ಮರಿಯಯ್ಯ ಬೇವಿನ ಕಡ್ಡಿ ಕಚ್ಚಿಕೊಂಡು ಕ್ಯಾನು ಇಟ್ಟರೆ, ನಿಂಗರಾಜು ಕ್ಯಾನಿನ ಕಡೆ ನೋಡದೆ ಅವನ ಬಾಯಿ ನೋಡಿದ.

"ಮರಿಯಣ್ಣ, ಮರ ಅಗೀತಿದ್ದೀಯಲ್ಲ, ಇದು ಒಳ್ಳೇ ಲಕ್ಷಣ ಅಲ್ಲ."

"ಹಲ್ಲುಜ್ತಾ ಇವ್ನಿ ಕಣ್ಲಾ!"

"ಎಲ್ಲಾರೂ ಶುರೂನಾಗೆ ಅಂಗೇ ಅನ್ನಾದು. ಕೋಬಾಲ್ಟು ತಿಂದಿದ್ದೀಯಾ ನೀನು?"

"ಯಾವ್ ಅಂಗ್ಡೀಲಿ ಸಿಕ್ತದ್ಲಾ ಅದು?"

ಕೋಬಾಲ್ಟು ಎಂಬುದು ದನದ ಖನಿಜದ ಪೊಟ್ಟಣದ ಹಿಂದೆ ಕೊನೆಯ ಸಾಲಿನಲ್ಲಿದ್ದ ಹೆಸರು. ಅದು ಏನು ಮಾಡುತ್ತದೆ ಎಂದು ನಿಂಗರಾಜುವಿಗೆ ಗೊತ್ತಿರಲಿಲ್ಲ. ಆದರೆ ಹೇಳುವಾಗ ಬಾಯಿ ತುಂಬುತ್ತಿತ್ತು.

ತನುಶ್ರೀಯ ಮದುವೆಯ ಮಾತುಕತೆಗೆಂದು ಬೆಳ್ಳೂರಿಗೆ ಹೋಗಿ ಬರುವಾಗ ಅವನಿಗೆ ಬೆಳ್ಳೂರು ಕ್ರಾಸಿನ ಒಂದು ಅಂಗಡಿಯಲ್ಲಿ ಗುಲಾಬಿ ಬಣ್ಣದ ಉಪ್ಪಿನ ಕಲ್ಲುಗಳು ಸಿಕ್ಕವು. ಬೆಟ್ಟದಿಂದ ಬಂದದ್ದು, ಯಂತ್ರ ಮುಟ್ಟಿಲ್ಲ, ಭೂಮಿ ಮೇಲಿರುವ ಖನಿಜವೆಲ್ಲ ಇದರಲ್ಲಿದೆ ಎಂದು ಅಂಗಡಿಯವನು ಹೇಳಿದ. "ಕೋಬಾಲ್ಟು?" ಎಂದು ನಿಂಗರಾಜು ಕೇಳಿದ. "ಅದೇ ಜಾಸ್ತಿ ಸಾರ್," ಎಂದ ಅವನು. ಒಂದು ಮೂಟೆ ಕಲ್ಲು ಬಸ್ಸಿನ ಟಾಪಿನ ಮೇಲೆ ಸಿಂಧಘಟ್ಟಕ್ಕೆ ಬಂತು.

ಅವತ್ತೇ ಮನೆಯಲ್ಲಿ ಕಾನೂನು ಹೊರಟಿತು. ಪಾತ್ರೆಗೆ ಉಪ್ಪು ಹಾಕುವಂತಿಲ್ಲ. ಪ್ರತಿ ತಟ್ಟೆಯ ಪಕ್ಕ ಒಂದೊಂದು ಕಲ್ಲು. ಒಂದು ತುತ್ತು, ಒಂದು ನೆಕ್ಕು. "ಕೆಂಪಿಗೆ ಯಾರಾರ ಚಮಚದಲ್ಲಿ ಅಳ್ದು ಆಕ್ತಾರಾ? ಮೈಗೆ ಎಷ್ಟು ಬೇಕು ಅಂತ ನಾಲ್ಗೆಗೇ ಗೊತ್ತಿರ್ತದೆ," ಎಂದ ನಿಂಗರಾಜು.

ಪುಟ್ಟತಾಯಮ್ಮ ಮೊದಲ ದಿನ ಹೇಳಿದಂತೆಯೇ ಮಾಡಿದಳು. ತನುಶ್ರೀ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ನಿಂಗರಾಜು ಮಾತ್ರ ಸಪ್ಪೆ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ, ಕಲ್ಲು ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡು "ಆಹಾ" ಎನ್ನುತ್ತಿದ್ದ. ಆ ಕಣ್ಣೀರು ನೋಡಲಾರದೆ ಅವಳು ಮಾರನೆಯ ದಿನ ಪ್ಯಾಕೆಟ್ ಉಪ್ಪನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಅವನು ಅತ್ತ ತಿರುಗಿದಾಗ ಇತ್ತ ಹಾಕತೊಡಗಿದಳು. ಸಾರು ಎಂದಿನಂತಾಯಿತು. ನಿಂಗರಾಜು ಒಂದು ತುತ್ತು ಬಾಯಿಗಿಟ್ಟು, ಶಾಸ್ತ್ರಕ್ಕೆ ಕಲ್ಲಿಗೆ ನಾಲಗೆ ತಾಗಿಸಿದ. ಕುಣಿಯುವುದೊಂದು ಬಾಕಿ.

"ನೋಡ್ದಾ ಅಮ್ಮಿ! ಒಂದೇ ದಿನಕ್ಕೆ ನಾಲ್ಗೆ ಒಗ್ಗೋಯ್ತು! ಪಾತ್ರೆಗೆ ಉಪ್ಪೇ ಬ್ಯಾಡ!"

"ಹೂಂ ಕಣ್ರೀ," ಎಂದಳು ಅವಳು. ನಾಳೆ ನಿಜ ಹೇಳಿದರಾಯಿತು ಎಂದುಕೊಂಡಳು. ನಾಳೆ ಸೀರೆ ತರುವ ಕೆಲಸ ಬಂತು, ನಾಳಿದ್ದು ಲಗ್ನಪತ್ರಿಕೆ ಹಂಚುವ ಕೆಲಸ. ಸಾಸಿವೆ ಡಬ್ಬಿಯ ಗುಟ್ಟು ಡಬ್ಬಿಯಲ್ಲೇ ಉಳಿಯಿತು.

ಮದುವೆ ಕೆ.ಆರ್. ಪೇಟೆಯ ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಅಲ್ಲಿ ಅಡುಗೆ ಛತ್ರದವರದು, ನಿಂಗರಾಜುವಿನ ಕೈ ನಡೆಯಲಿಲ್ಲ. ಬಾಕಿ ಉಳಿದದ್ದು ಗಂಡಿನ ಕಡೆಯವರಿಗೆ ಮನೆಯಲ್ಲಿ ಹಾಕುವ ಮಾಂಸದೂಟ, ಬೀಗರ ಊಟ.

ಮದುವೆಯ ಪಾಯಸ ಹೇಗಿತ್ತೆಂದು ಕೈ ತೊಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬೀಗರ ಊಟದ ಬಾಡು ಮಾತ್ರ ಹೆಣ್ಣಿನ ಜೊತೆಗೇ ಗಂಡನ ಮನೆಯಲ್ಲಿ ಬಾಳುತ್ತದೆ. ಇದು ಪುಟ್ಟತಾಯಮ್ಮನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಅವಳ ತವರಿನವರು ಮಾಡಿದ್ದ ಬೀಗರ ಊಟದಲ್ಲಿ ಕೊನೆಯ ಪಂಕ್ತಿಗೆ ನಿಂಬೆಹಣ್ಣು ಸಾಲದೆ ಬಂದಿತ್ತು. ಅವಳ ಅತ್ತೆ ಸಾಯುವವರೆಗೂ, ಸೊಸೆ ನಿಂಬೆಹಣ್ಣು ಕೈಗೆತ್ತಿಕೊಂಡಾಗಲೆಲ್ಲ, "ಧಾರಾಳವಾಗಿ ಇಂಡ್ಕೊಳವ್ವ, ಇದು ನಿಮ್ಮಪ್ಪನ್ ಮನೇದಲ್ಲ" ಎನ್ನುತ್ತಿದ್ದರು. ನಿಂಬೆಹಣ್ಣಿಗೇ ಇಷ್ಟು.

ಅದೂ ಈ ಬೀಗ ಎಂಥವನು! ಜವರಯ್ಯನದು ಬೆಳ್ಳೂರು ಕ್ರಾಸಿನಲ್ಲಿ ಮಿಲ್ಟ್ರಿ ಹೋಟೆಲು. ಅವನ ಮಟನ್ ಸಾರಿನ ವಾಸನೆಗೆ ಹಾಸನದ ಕಡೆ ಹೋಗುವ ಲಾರಿಗಳು ತಾವಾಗಿಯೇ ಎಡಕ್ಕೆ ತಿರುಗುತ್ತವೆ ಎಂದು ಜನ ಹೇಳುತ್ತಾರೆ. ಹೆಣ್ಣು ಒಪ್ಪಿದ ದಿನವೇ ಅವನು ಮೀಸೆ ಸವರಿಕೊಂಡು, "ಹುಡ್ಗಿ ಲಕ್ಷಣವಾಗವ್ಳೆ. ಮನೆ ಎಂಥದು ಅಂತ ಬಾಡೂಟದ ದಿನ ಸಾರ್ನಲ್ಲಿ ನೋಡಿ ಯೋಳ್ತೀನಿ" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವನೊಬ್ಬನನ್ನು ಬಿಟ್ಟು.

ಆ ದಿನ ಪುಟ್ಟತಾಯಮ್ಮನಿಗೆ ಒಲೆಯ ಕಡೆ ಸುಳಿಯಲು ಬಿಡುವಿರಲಿಲ್ಲ. ನಡುಮನೆಯ ತುಂಬ ಬೀಗಿತ್ತಿಯರು. ಒಬ್ಬರಿಗೆ ಅರಿಶಿನ ಕೊಟ್ಟು ಇನ್ನೊಬ್ಬರಿಗೆ ಕುಂಕುಮ ಕೊಡುವಷ್ಟರಲ್ಲಿ ಮೂರನೆಯವರು ರವಿಕೆ ಬಟ್ಟೆಯ ಅಂಚು ಎಳೆದು ನೋಡುತ್ತಿದ್ದರು. ಹಿತ್ತಲಲ್ಲಿ ನಡೆದದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಹಿತ್ತಲಲ್ಲಿ ಅಡುಗೆಯ ಕರಿಯಯ್ಯ ಕೊಪ್ಪರಿಗೆಯ ಮುಂದೆ ನಿಂತು ಉಪ್ಪಿನ ಚೀಲ ಹುಡುಕುತ್ತಿದ್ದ. ಸುತ್ತಮುತ್ತಲ ಬಾಡೂಟವೆಲ್ಲ ಅವನದೇ. ಅವನದೊಂದು ನೇಮ: ಬೀಗರು ಉಂಡು ಕೈ ತೊಳೆಯುವವರೆಗೆ ಅಡುಗೆಯನ್ನು ನಾಲಗೆಗೆ ಮುಟ್ಟಿಸುವುದಿಲ್ಲ. ಕೈಯಳತೆ, ಹಬೆಯ ವಾಸನೆ, ಅಷ್ಟೆ.

"ನಿಂಗ್ರಾಜಪ್ಪ, ಉಪ್ಪೆಲ್ಲಪ್ಪಾ?"

"ಉಪ್ಪಿನ್ ಚಿಂತೆ ನಿನಗ್ಯಾಕೆ? ಅದು ನನ್ ಜವಾಬ್ದಾರಿ. ಎಲೇಲೇ ಬತ್ತದೆ."

"ಸಾರ್ಗೆ?"

"ಬ್ಯಾಡ."

"ಬೋಟಿಗೆ?"

"ಬ್ಯಾಡ."

"ಕೈಮಾಕೆ?"

ನಿಂಗರಾಜು ಎರಡು ಕಣ್ಣೂ ಮುಚ್ಚಿ, ದೇವರ ಮುಂದೆ ನಿಂತವನಂತೆ ತಲೆಯಾಡಿಸಿದ. ಕರಿಯಯ್ಯನಿಗೆ ಅರ್ಥವಾಯಿತು: ಹರಕೆ! ಮಗಳ ಮದುವೆ ಆದರೆ ಬೀಗರ ಎಲೆಗೆ ತಾನೇ ಕೈಯಾರೆ ಉಪ್ಪು ಹಾಕುತ್ತೇನೆಂದು ಯಾವ ದೇವರಿಗೋ ಹೇಳಿಕೊಂಡಿದ್ದಾನೆ. ಹರಕೆಯ ವಿಚಾರದಲ್ಲಿ ಅಡುಗೆಯವನು ಬಾಯಿ ಹಾಕಬಾರದು. ಅವನು ಕೈಮುಗಿದು ಸುಮ್ಮನಾದ.

ಮನೆಯ ಮುಂದಿನ ಶಾಮಿಯಾನದ ಕೆಳಗೆ ಮೊದಲ ಪಂಕ್ತಿ ಕೂತಿತು. ನಡುವೆ ಜವರಯ್ಯ, ಅವನ ಬಲಕ್ಕೆ ಮದುಮಗ ಕುಮಾರ್, ಎಡಕ್ಕೆ ಜವರಯ್ಯನ ತಾಯಿ ಮೂಗಮ್ಮ. ಶುಭ್ರವಾದ ಪಂಚೆಯುಟ್ಟು ಕೈಯಲ್ಲಿ ಬೆಳ್ಳಿಯ ತಟ್ಟೆ ಹಿಡಿದು ಬಂದ ನಿಂಗರಾಜು ಪ್ರತಿ ಎಲೆಯ ತುದಿಗೆ ಒಂದೊಂದು ಗುಲಾಬಿ ಕಲ್ಲು ಇಡುತ್ತ ಹೋದ.

"ಇದೇನ್ ಬೀಗ್ರೆ?" ಎಂದ ಜವರಯ್ಯ.

"ಸವೀರಿ, ಆಮೇಲೆ ಯೋಳ್ತೀನಿ," ಎಂದು ನಿಂಗರಾಜು ನಿಗೂಢವಾಗಿ ನಕ್ಕು ಮುಂದೆ ಹೋದ.

"ಬಣ್ಣದ ಕಲ್ಸಕ್ರೆ ಕಣ್ಲಾ," ಎಂದರು ಮೂಗಮ್ಮ, ಮಗನಿಗೆ. "ಈಗ ಇದೇ ಪ್ಯಾಶನ್ನು." ಅಜ್ಜಿ ಕಲ್ಲನ್ನು ಬಾಯಿಗೆ ಹಾಕಿಕೊಂಡರು. ಅವರ ಮುಖದ ಮೇಲೆ ಮೊದಲು ಆಶ್ಚರ್ಯ, ಆಮೇಲೆ ಏನೋ ಒಂದು ಪರಮಾನಂದ ಮೂಡಿತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡರು. ತಾಯಿಯ ಆನಂದ ನೋಡಿದ ಜವರಯ್ಯ ತಾನೂ ತನ್ನ ಎಲೆಯದನ್ನು ದವಡೆಗೆ ಹಾಕಿ ಕಟುಂ ಎಂದು ಕಡಿದ. ಕಲ್ಲಿಗೆ ಏನೂ ಆಗಲಿಲ್ಲ. ದವಡೆಯಲ್ಲಿ ಒಂದು ಹಲ್ಲು ಅಲುಗಿತು, ಆ ನೋವಿನಲ್ಲಿ ಕಲ್ಲಿನ ರುಚಿ ಏನೆಂದೇ ತಿಳಿಯಲಿಲ್ಲ. ಬೀಗರ ಮನೆಯಲ್ಲಿ ನರಳುವುದು ಮರ್ಯಾದೆಯಲ್ಲವೆಂದು ಅವನು ಕಣ್ಣು ಕೆಂಪು ಮಾಡಿಕೊಂಡು ಕಲ್ಲನ್ನು ಎಲೆಯ ಕೆಳಗೆ ತಳ್ಳಿದ.

ಮುದ್ದೆ ಬಂತು. ಸಾರು, ಬೋಟಿ, ಕೈಮ ಉಂಡೆ ಬಂದವು. ಪಂಕ್ತಿಯ ಕೈಗಳೆಲ್ಲ ಒಟ್ಟಿಗೇ ಬಾಯಿಗೆ ಹೋದವು, ಒಟ್ಟಿಗೇ ನಿಂತವು.

ಸಾರಿಗೆ ಉಪ್ಪಿಲ್ಲದಿದ್ದರೆ ಸಾರಿಗೆ ಉಪ್ಪಿಲ್ಲ ಎನ್ನಬಹುದು. ಆದರೆ ಸಾರಿಗೂ ಇಲ್ಲ, ಬೋಟಿಗೂ ಇಲ್ಲ, ಕೈಮಾಕ್ಕೂ ಇಲ್ಲ ಎಂದರೆ? ಬೀಗರ ಊಟದಲ್ಲಿ ಹಾಗಾಗುವುದುಂಟೇ? ಆದ್ದರಿಂದ ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರೂ ಅಡುಗೆಯನ್ನು ಬಿಟ್ಟು ತಮ್ಮ ನಾಲಗೆಯನ್ನೇ ಅನುಮಾನಿಸಿದರು. ಕೊನೆಗೆ ತುದಿಯಲ್ಲಿ ಕೂತಿದ್ದ ಕುಮಾರನ ಸೋದರಮಾವನೊಬ್ಬ ಪಕ್ಕದವನ ಕಿವಿಗೆ ಬಾಗಿದ.

"ಲೇ, ನಂಗೆ ರುಚೀನೇ ಗೊತ್ತಾಯ್ತಿಲ್ಲ ಕಣ್ಲಾ."

"ನಂಗೂ ಕಣ್ಮಾವ."

"ನಂಗೂ!"

"ರುಚಿ ಹೋಗಾದು ಯಾವಾಗ್ಲಾ? ಅದು ಬಂದಾಗ ಅಲ್ವಾ?"

"ಅದು" ಎಂಬ ಮಾತು ಕಾಡ್ಗಿಚ್ಚಿನಂತೆ ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಮುಟ್ಟುವ ಹೊತ್ತಿಗೆ ಅದಕ್ಕೆ ಹೆಸರೂ ಬಂದಿತ್ತು. "ಕೊರೊನಾ!" ಎಂದು ಯಾರೋ ಕೂಗಿದರು. ಟವೆಲ್ಲುಗಳು ಮೂಗಿಗೆ ಹೋದವು. ಒಬ್ಬ ಎದ್ದ ರಭಸಕ್ಕೆ ಪಕ್ಕದವನ ಮುದ್ದೆ ಉರುಳಿ ಶಾಮಿಯಾನದಿಂದ ಆಚೆಗೆ ಹೋಯಿತು. ತನಗೇನೂ ಆಗಿಲ್ಲವೆಂದು ತೋರಿಸಲು ಮರಿಯಯ್ಯ ಕೆಮ್ಮು ತಡೆದುಕೊಂಡು, ತಡೆಯಲಾಗದೆ ಎಲ್ಲರಿಗಿಂತ ಜೋರಾಗಿ ಕೆಮ್ಮಿದ. ಅವನ ಸುತ್ತ ನಾಲ್ಕು ಮಾರು ಜಾಗ ಖಾಲಿಯಾಯಿತು.

ಆರೋಗ್ಯ ಇಲಾಖೆಯ ಮಹದೇವಸ್ವಾಮಿ ಬಾಡು ಮುಟ್ಟದವರು. ಸ್ನೇಹಕ್ಕೆಂದು ಬಂದು ಜಗಲಿಯ ಮೇಲೆ ಹಾಲು ಬಾಳೆಹಣ್ಣು ತಿನ್ನುತ್ತಿದ್ದರು. ಸಾರಿನ ರುಚಿ ಅವರಿಗೆ ತಿಳಿಯುವಂತಿರಲಿಲ್ಲ. ಕೊರೊನಾ ಎಂಬ ಪದ ಕಿವಿಗೆ ಬಿದ್ದೊಡನೆ ಅವರು ಬಾಳೆಹಣ್ಣು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು ಸರ್ಕಾರವಾದರು.

"ಯಾರೂ ಜಾಗ ಬಿಟ್ಟು ಕದಲಬಾರದು! ಪರೀಕ್ಷೆ ಆಗೋ ತನಕ ಬೀಗರು ಇಲ್ಲೇ ಇರಬೇಕು! ರಸ್ತೆಗೆ ಅಡ್ಡ ಮುಳ್ಳು ಹಾಕ್ರಿ!"

ಒಳಗಿದ್ದ ಪುಟ್ಟತಾಯಮ್ಮನ ಕಿವಿಗೆ ಈ ಗದ್ದಲ ಬೀಳುವ ಮೊದಲು ಇನ್ನೊಂದು ಮಾತು ಬಿತ್ತು. ಬಾಗಿಲಲ್ಲಿ ನಿಂತ ಬೀಗಿತ್ತಿಯೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಊರಿಗೂರೇ ಹಾಳಾದಾಗ್ಲೂ ನಮ್ಮನೇಗ್ ಬರ್ನಿಲ್ಲ. ಈ ಹೆಣ್ಣು ತಂದ್ವಿ, ಬಂತು ನೋಡು. ಕಾಲ್ಗುಣ ಅನ್ನಾದು ಸುಮ್ಕೆ ಅಲ್ಲ." ಕೋಣೆಯ ಮೂಲೆಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ತನುಶ್ರೀ ಅದನ್ನು ಕೇಳಿಸಿಕೊಂಡು, ತಾಯಿಯ ಮುಖ ನೋಡಿದಳು.

ಪುಟ್ಟತಾಯಮ್ಮ ಹಿತ್ತಲಿಗೆ ಓಡಿದಳು. ಕೊಪ್ಪರಿಗೆಗೆ ಸೌಟು ಹಾಕಿ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಅಯ್ಯೋ ಶಿವನೇ. ಯಾವ ರೋಗವೂ ಅಲ್ಲ. ಅವಳ ಮನೆಯ ಮೊದಲ ದಿನದ ಸೊಪ್ಪಿನ ಸಾರಿನ ಸಪ್ಪೆಯೇ ಇಲ್ಲಿ ಕೊಪ್ಪರಿಗೆ ತುಂಬ ಕುದಿಯುತ್ತಿತ್ತು. ಸಾಸಿವೆ ಡಬ್ಬಿ ಕಣ್ಣ ಮುಂದೆ ಬಂದು ನಿಂತಿತು.

ಅವಳು ಮುಂಬಾಗಿಲಿಗೆ ಬರುವಷ್ಟರಲ್ಲಿ ತಡವಾಗಿತ್ತು. ನಿಂಗರಾಜು ಬಾಡಿಗೆಗೆ ತಂದ ಮೈಕನ್ನು ಕೈಗೆ ತೆಗೆದುಕೊಂಡಿದ್ದ. ಅವನ ಮುಖದಲ್ಲಿ ಗಾಬರಿಯ ಸುಳಿವಿಲ್ಲ. ಕಾಯುತ್ತಿದ್ದ ಗಳಿಗೆ ಬಂತೆಂಬ ಸಂತೋಷ.

"ಬೀಗ್ರು, ನೆಂಟ್ರು, ಎಲ್ಲಾರೂ ಕೂತ್ಕಳಿ. ಕೊರೊನಾನೂ ಇಲ್ಲ, ಏನೂ ಇಲ್ಲ. ಅಡ್ಗೆಗೆ ಉಪ್ಪು ಆಕಿಲ್ಲ, ಅಷ್ಟೇಯ. ಬೇಕೂಂತ್ಲೇ ಆಕಿಲ್ಲ!"

ಮೂಗಿಗೆ ಹೋಗಿದ್ದ ಟವೆಲ್ಲುಗಳು ಒಂದೊಂದಾಗಿ ಕೆಳಗಿಳಿದವು.

"ಎಲೆ ತುದೀಲಿ ಕಲ್ಲಿಟ್ಟಿವ್ನಲ್ಲ, ಅದೇ ಉಪ್ಪು. ಒಂದ್ ತುತ್ತು ಉಣ್ಣಿ, ಒಂದ್ ದಪ ನೆಕ್ಕಿ. ಎಲ್ಲಾ ಖನಿಜಾನೂ ಅದೆ ಅದ್ರಲ್ಲಿ. ಎಷ್ಟು ನೆಕ್ಕಬೇಕು ಅಂತ ಅನುಮಾನ ಬ್ಯಾಡ. ನಮ್ ಕೆಂಪಿ ಅಂತ ಹಸ ಅದೆ ಕೊಟ್ಟಿಗೇಲಿ, ಬಾಯಿಲ್ಲದ ಪ್ರಾಣಿ, ಅದುಕ್ಕೇ ಗೊತ್ತಾಯ್ತದೆ. ಇನ್ನು ನಿಮಗ್ ಗೊತ್ತಾಗಾಕಿಲ್ವಾ? ಅದುಕ್ಕೆ ಹೆಂಗೆ ಕಟ್ಟಿವ್ನೋ, ನಿಮಗೂ ಅಂಗೇ ಮಡಗಿವ್ನಿ!"

ಮೈಕು ಊರ ತುಂಬ ಹೇಳಿತು. ತನ್ನ ಹೆಸರು ಕೇಳಿದ ಕೆಂಪಿ ಕೊಟ್ಟಿಗೆಯಿಂದ "ಅಂಬಾ" ಎಂದಿತು.

ಜವರಯ್ಯ ನಿಧಾನವಾಗಿ ಎದ್ದ. ಅಲುಗುವ ಹಲ್ಲಿನಿಂದಾಗಿ ಅವನ ಮಾತು ಒಂದು ಕಡೆಗೆ ವಾಲಿಕೊಂಡು ಹೊರಬಂತು. "ನಾನು ಲಾರಿ ಡ್ರೈವರ್ಗೂ ಎಲೆ ಆಕಿ ಬಡಿಸಿವ್ನಿ. ನೀನು ಬೀಗ್ರಿಗೆ ದನುಕ್ಕಾಕ್ದಂಗೆ ಆಕ್ದಲ್ಲಯ್ಯ."

ಆಗ ನಿಂಗರಾಜುವಿನ ಮುಖದಿಂದ ಸಂತೋಷ ಇಳಿಯಿತು. "ಅಂಗಲ್ಲ ಬೀಗ್ರೆ! ನಾವೂ ಮನೇಲಿ ಇಂಗೇ ಉಣ್ಣಾದು! ದೇವ್ರಾಣೆ! ಇಷ್ಟ್ ದಿನದಿಂದ ನಮ್ಮನೆ ಪಾತ್ರೆಗೆ ಒಂದ್ ಕಾಳು ಉಪ್ಪು ಬಿದ್ದಿಲ್ಲ, ರುಚಿ ಅಂದ್ರೆ ರುಚಿ! ಬೇಕಾದ್ರೆ ನಮ್ಮೋಳ್ನೇ ಕೇಳಿ!"

ಇಡೀ ಶಾಮಿಯಾನ ಪುಟ್ಟತಾಯಮ್ಮನ ಕಡೆ ತಿರುಗಿತು. ನಿಂಗರಾಜು ಓಡಿ ಬಂದು ಮೈಕನ್ನು ಅವಳ ಬಾಯಿಗೆ ಹಿಡಿದ. ಹೌದು ಎಂದರೆ ಗಂಡನ ಮಾನ ಉಳಿಯುತ್ತದೆ. ಆದರೆ ನಾಲಗೆ ಸತ್ತ ಮನೆಯ ಹೆಣ್ಣು ಎಂದು ಮಗಳ ಕೈಗೆ ಜವರಯ್ಯನ ಮನೆಯಲ್ಲಿ ಯಾರೂ ಸೌಟು ಕೊಡುವುದಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅವಳು ಹೇಳಿದಳು:

"ದಿನಾ ನಾನು ಆಕ್ತಿದ್ದೆ ಕಣ್ರೀ... ಸಾಸ್ವೆ ಡಬ್ಬೀಲಿ ಬಚ್ಚಿಟ್ಕಂಡು."

ನಿಂಗರಾಜುವಿನ ಕೈಯ ಮೈಕು ಕುಂಯ್ ಎಂದಿತು. ಅವನು ಹೆಂಡತಿಯನ್ನು ನೋಡಿದ, ಕಲ್ಲು ಇಟ್ಟಿದ್ದ ತಟ್ಟೆಯನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ. ಅನ್ನದಲ್ಲಿ ಕಲ್ಲು ಕಚ್ಚಿದ ಮಗುವಿನ ಮುಖ ಹೇಗಾಗುತ್ತದೋ ಹಾಗಿತ್ತು ಅವನ ಮುಖ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

"ಅಂಗಾರೆ... ನನ್ ನಾಲ್ಗೆ ಒಗ್ಗಿರ್ನಿಲ್ವಾ?" ಎಂದ, ಮೈಕು ಇನ್ನೂ ಚಾಲೂ ಇದೆಯೆಂಬುದನ್ನು ಮರೆತು. ಆ ಮಾತೂ ಊರಿಗೆಲ್ಲ ಕೇಳಿಸಿತು.

ಯಾರೋ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅದು ಜೊತೆಗೂಡಿ ನಗುವ ನಗುವಲ್ಲ. ಆ ನಗುವಿನ ನಡುವೆ ಮೂಗಮ್ಮ ಬಾಯಿಂದ ಕಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು ದನಿ ಎತ್ತಿದರು.

"ಎಲ್ಲಾ ಯಾಕ್ರಲಾ ನಗ್ತೀರಿ? ಬೀಪಿ ಅಂತ ಡಾಕುಟ್ರು ಯೋಳುದ್ರು ಅಂತ ನೀವು ನಂಗೆ ಇಕ್ಕಾದು ಇದೇ ಊಟ ಅಲ್ವಾ? ಊರಿಗೆಲ್ಲ ಸಾರು ಮಾರೋನು ನನ್ ಮಗ. ನಾನು ಸಪ್ಪೆ ಉಂಡ್ಕಂಡು ಮೂಲೇಲಿ ಕೂತಿರ್ತೀನಿ. ಇವತ್ತು ಒಂದಿನ ಎಲ್ಲಾ ನನ್ ಪಂಕ್ತೀಲಿ ಉಂಡ್ರಿ, ಅಷ್ಟುಕ್ಕೇ ಕೊರೊನಾ ಬಂದ್ಬುಡ್ತಾ?"

"ಅಜ್ಜಿ, ಬೀಪಿ ಇಟ್ಕೊಂಡು ಉಪ್ಪಿನ್ ಕಲ್ಲು ಚೀಪ್ತಿದೀರಲ್ಲ! ಕೊಡಿ ಇಲ್ಲಿ!" ಎಂದು ಮಹದೇವಸ್ವಾಮಿ ಧಾವಿಸಿದರು. ಅಜ್ಜಿ ಕಲ್ಲನ್ನು ಸೆರಗಿಗೆ ಗಂಟು ಹಾಕಿಕೊಂಡರು. ಬಿಡಿಸಲು ಇಬ್ಬರು ಸೊಸೆಯಂದಿರು ಬೇಕಾದರು. ಆಮೇಲೆ ಮಹದೇವಸ್ವಾಮಿ ನಿಂಗರಾಜುವಿಗೂ ಎಲ್ಲರೆದುರಿಗೇ ಹೇಳಿದರು: "ಉಪ್ಪು ಯಾವ ಬಣ್ಣದ್ದಾದ್ರೂ ಉಪ್ಪೇ ಕಣ್ರೀ. ಖನಿಜ ಬೇಕು ಅಂದ್ರೆ ಎಲೆ ಮೇಲಿತ್ತಲ್ಲ ರಾಗಿಮುದ್ದೆ, ಅದ್ರಲ್ಲಿ ಹುಡುಕಿ. ಸೊಪ್ಪಲ್ಲಿ ಹುಡುಕಿ. ನಿಮ್ಮ ಡೈರಿ ಹಾಲಲ್ಲಿ ಹುಡುಕಿ!"

ಕರಿಯಯ್ಯ ಉಪ್ಪು ಕರಗಿಸಿ ಕೊಪ್ಪರಿಗೆಗೆ ಸುರಿದ. ಎರಡನೆಯ ಪಂಕ್ತಿಯವರು ಉಂಡರು, ಚೆನ್ನಾಗಿದೆ ಎಂದೂ ಅಂದರು. ಜವರಯ್ಯ ಉಣ್ಣಲಿಲ್ಲ. ಕೈ ತೊಳೆದು, ತಾಂಬೂಲ ತೆಗೆದುಕೊಳ್ಳದೆ, ಮಗ ಸೊಸೆಯನ್ನು ಕಾರಿಗೆ ಹತ್ತಿಸಿಕೊಂಡು ಹೊರಟುಹೋದ. ಕಾರಿನ ಕಿಟಕಿಯಲ್ಲಿ ತನುಶ್ರೀಯ ಮುಖ ಕಂಡಷ್ಟು ದೂರ ಪುಟ್ಟತಾಯಮ್ಮ ನಿಂತಿದ್ದಳು. ಮಗಳು ತಲೆ ಎತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ಪುಟ್ಟತಾಯಮ್ಮ ಬಾವಿಯ ಕಡೆ, ಅಂಗಡಿಯ ಕಡೆ ಹೋಗುವಾಗ ಗೋಡೆಯ ಬದಿಯಲ್ಲೇ ನಡೆದಳು. ಬೆಳ್ಳೂರು ಕ್ರಾಸಿನಿಂದ ಬಂದವರು ಅಲ್ಲಿನ ಸುದ್ದಿ ತಂದರು: ಹೋಟೆಲಿಗೆ ಬಂದ ಡ್ರೈವರುಗಳು, "ಜವರಣ್ಣ, ಸಾರ್ಗೆ ಉಪ್ಪಾಕಿದ್ದೀಯಾ, ಇಲ್ಲಾ ನೆಕ್ಕಬೇಕಾ?" ಎನ್ನುತ್ತಿದ್ದರಂತೆ. ಫೋನು ಮಾಡಿದರೆ ತನುಶ್ರೀ "ಚೆನ್ನಾಗಿದೀನಿ ಅಮ್ಮ" ಎನ್ನುವಳು. ಅಷ್ಟೇ. ಮದುವೆಗೆ ಮುಂಚೆ ಅವಳ ನಗು ಬೀದಿಯ ಆ ತುದಿಗೆ ಕೇಳುತ್ತಿತ್ತು. ಅಡುಗೆ ಮನೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದರೆ, "ಪಾತ್ರೆ ತೊಳೀತೀನಿ. ಒಲೆ ಹತ್ರ ಅತ್ತೆ ಬುಡಾಕಿಲ್ಲ" ಎಂದಳು ಒಂದು ದಿನ.

ನಿಂಗರಾಜು ಡೈರಿಯಲ್ಲಿ ಮಾತೇ ನಿಲ್ಲಿಸಿದ. ಎಂಥ ನೀರು ಹಾಲು ತಂದರೂ ಸುಮ್ಮನೆ ಅಳೆದು ಸುರಿದುಕೊಳ್ಳುತ್ತಿದ್ದ. ಇದು ಮರಿಯಯ್ಯನಿಗೇ ಸಹಿಸಲಾಗಲಿಲ್ಲ. "ಲೇ ನಿಂಗ್ರಾಜ, ಕಮ್ಮಿ ಅದೆ ಅನ್ಲಾ. ಒಂದ್ಸಲ ಅನ್ಲಾ. ನೀನು ಸುಮ್ಕಿದ್ರೆ ಹಾಲು ಕೊಟ್ಟಂಗೇ ಆಗಾಕಿಲ್ಲ." ನಿಂಗರಾಜು ಅನ್ನಲಿಲ್ಲ. ಮೂಟೆಯಲ್ಲಿ ಉಳಿದಿದ್ದ ಕಲ್ಲುಗಳನ್ನು ಕೆಂಪಿಯ ಮೇವಿನ ಗೊಂತಿಗೆ ಸುರಿದು ಬಂದ. ಪುಟ್ಟತಾಯಮ್ಮ ಉಪ್ಪನ್ನು ಸಾಸಿವೆ ಡಬ್ಬಿಯಿಂದ ತೆಗೆದು ಎಲ್ಲರಿಗೂ ಕಾಣುವಂತೆ ಒಲೆಯ ಪಕ್ಕ ಇಟ್ಟಳು.

ಬೆಳ್ಳೂರಿನಿಂದ ಊಟಕ್ಕೆ ಕರೆ ಬಂದಾಗ ಹೋಗುವುದೋ ಬೇಡವೋ ಎಂದು ಇಬ್ಬರೂ ತಲೆ ತಗ್ಗಿಸಿ ಕೂತರು. ಹೋಗದಿದ್ದರೆ ಮಗಳಿಗೆ ಇನ್ನೊಂದು ಮಾತು. ಹೋದರು.

ಜವರಯ್ಯನ ಮನೆಯಲ್ಲಿ ನೆಂಟರು ತುಂಬಿದ್ದರು. ಎಲ್ಲರೂ ತುಟಿ ಬಿಗಿಹಿಡಿದುಕೊಂಡಿದ್ದರು. ಏನೋ ಇದೆ ಎಂದು ಪುಟ್ಟತಾಯಮ್ಮನಿಗೆ ಹೊಸಿಲಲ್ಲೇ ತಿಳಿಯಿತು. ಪಂಕ್ತಿಯ ನಡುವಿನ ಎಲೆಯನ್ನು ತೋರಿಸಿ ಜವರಯ್ಯ, "ಬನ್ನಿ ಬೀಗ್ರೆ, ನಿಮ್ಗೆ ಅಂತ್ಲೇ ಮಾಡ್ಸಿರ ಜಾಗ" ಎಂದ. ನಿಂಗರಾಜು ಕೂತು ತಲೆ ಎತ್ತಿದ. ಸೂರಿನ ತೊಲೆಯಿಂದ ಒಂದು ಹಗ್ಗ ಇಳಿದಿತ್ತು. ಹಗ್ಗದ ತುದಿಯಲ್ಲಿ ಸರಿಯಾಗಿ ಅವನ ಬಾಯಿಯ ಎತ್ತರಕ್ಕೆ ಒಂದು ಉಪ್ಪಿನ ಇಟ್ಟಿಗೆ ತೂಗುತ್ತಿತ್ತು. ದನ ನೆಕ್ಕುವ ಇಟ್ಟಿಗೆ. ಹೊಸದು.

ಪುಟ್ಟತಾಯಮ್ಮನ ಮೈಯ ರಕ್ತವೆಲ್ಲ ಮುಖಕ್ಕೆ ಏರಿತು. ಎದ್ದು ಹೋಗೋಣವೆಂದು ಗಂಡನ ಭುಜ ಮುಟ್ಟಲು ಕೈ ಚಾಚಿದಳು. ಆಗ ಅಡುಗೆ ಮನೆಯ ಬಾಗಿಲಲ್ಲಿ ತನುಶ್ರೀ ಕಂಡಳು. ಕೈಯಲ್ಲಿ ನೀರಿನ ಚೊಂಬು. ಅವಳ ಮುಖ ಬಿಳಿಚಿತ್ತು. ಇದು ಅವಳಿಗೂ ಗೊತ್ತಿರಲಿಲ್ಲ.

ನಿಂಗರಾಜು ಮಗಳ ಕಡೆ ನೋಡಿದ. ಆಮೇಲೆ ಪಂಚೆ ಸರಿಮಾಡಿಕೊಂಡು, ಎರಡು ಕೈಯಲ್ಲೂ ಇಟ್ಟಿಗೆ ಹಿಡಿದು, ನಾಲಗೆ ಚಾಚಿ, ಎಲ್ಲರೂ ನೋಡುತ್ತಿರುವಂತೆ ಉದ್ದಕ್ಕೂ ಒಂದು ಸಲ ನೆಕ್ಕಿದ. ಒಂದು ಕಣ್ಣು ಮುಚ್ಚಿದ. ಇನ್ನೊಂದನ್ನು ಸೂರಿಗೆ ಅಂಟಿಸಿ, ಲೋಕ ಮರೆತು, ಬಾಯಿ ಚಪ್ಪರಿಸಿದ.

"ಪರ್ವಾಗಿಲ್ಲ," ಎಂದ. "ಕೋಬಾಲ್ಟು ವಸಿ ಕಮ್ಮಿ ಅದೆ."

ಚೊಂಬು ಕೆಳಗೆ ಬಿತ್ತು. ತನುಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಬೀದಿಯ ಆ ತುದಿಗೆ ಕೇಳುವ ಹಾಗೆ ನಕ್ಕಳು. ಜವರಯ್ಯನ ಮೀಸೆ ಮೊದಲು ಒಂದು ಕಡೆ ಕುಣಿಯಿತು, ಆಮೇಲೆ ಇನ್ನೊಂದು ಕಡೆ. ಕೊನೆಗೆ ಅವನು ನಿಂಗರಾಜುವಿನ ಪಕ್ಕವೇ ಧೊಪ್ಪನೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ ಕೂಗಿದ:

"ಅವ್ವಾ ತನುಶ್ರೀ, ಈ ಇಟ್ಗೆ ಬಿಚ್ಚಾಕವ್ವ. ಒಲೆ ಹತ್ರ ಹೋಗಿ ಸಾರ್ಗೆ ಉಪ್ಪು ಸರಿ ಅದಾ ನೋಡಿ, ನೀನೇ ತಂದು ನಿಮ್ಮಪ್ಪಂಗೆ ಬಡ್ಸು."

ಮೂಲೆಯಲ್ಲಿ ಸಪ್ಪೆ ಸಾರಿನ ತಟ್ಟೆಯ ಮುಂದೆ ಕೂತಿದ್ದ ಮೂಗಮ್ಮ ಮೆಲ್ಲಗೆ ಕೇಳಿದರು: "ಬಿಚ್ಚಿದ್ ಇಟ್ಗೇನ ಎಲ್ಲಿಕ್ತೀರವ್ವಾ?"